ಪಟ್ಟಿ ಬಿಚ್ಚಬೇಡಿ

ನನಗೆ ಮೋಸ ಮಾಡುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದಾನೆ ಎಂದು ಯಾರಾದರೂ ಹೇಳಿದರೆ ಅವನ ಜನನ ಪ್ರಮಾಣಪತ್ರವನ್ನು ನಾನೊಮ್ಮೆ ಬೆಳಕಿಗೆ ಹಿಡಿದು ನೋಡಬೇಕು. ಊಟದ ಮೇಜಿನ ಮುಂದೆ ಎದ್ದು ನಿಂತು ಹೀಗೆಂದು ಘೋಷಿಸಿದೆ. ಹೆಂಡತಿ ಸಾರಿನ ಸೌಟನ್ನು ಕೆಳಗಿಟ್ಟು ನನ್ನನ್ನು ನೋಡಿದಳು. ಮಗುವಿನ ಕೈಗೆ ಗಾಜಿನ ಲೋಟ ಕೊಡುವ ಮುನ್ನ ತಾಯಂದಿರು ಹೀಗೆ ನೋಡುತ್ತಾರೆ.

ವಿಷಯ ಇಷ್ಟೇ. ಲಾರಿಗೆ ಒಂದು ಜೊತೆ ಹೊಸ ಶಾಕ್ ತರಬೇಕಿತ್ತು. ಕರೆಂಟಿನ ಶಾಕ್ ಅಲ್ಲ. ಚಕ್ರಕ್ಕೂ ಲಾರಿಯ ಮೈಗೂ ನಡುವೆ ನಿಂತು, ರಸ್ತೆಯ ಗುಂಡಿಗಳು ಕೊಡುವ ಏಟನ್ನೆಲ್ಲ ತಾನೇ ನುಂಗಿ, ಮೇಲೆ ಕೂತವರಿಗೆ ಏನೂ ಆಗಿಲ್ಲವೆಂಬ ಭಾವನೆ ತರಿಸುವ ಉಕ್ಕಿನ ಕೊಳವೆ. ಸಂಸಾರದಲ್ಲಿ ಈ ಕೆಲಸ ಯಾರದು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಉತ್ತರ ಗೋಡೆಗೂ ಗೊತ್ತು.

ಲಾರಿ ನನ್ನ ಹೆಂಡತಿಯದು. ಓಡಿಸುವವಳೂ ಅವಳೇ. ಅದರ ಗಾತ್ರ, ಗದ್ದಲ, ಉಸಿರು ಬಿಡುವ ರೀತಿ ನೋಡಿ ಮನೆಯಲ್ಲಿ ಎಲ್ಲರೂ ಅದನ್ನು ‘ದೊಡ್ಡಮ್ಮ’ ಎನ್ನುತ್ತೇವೆ. ನನ್ನದು ರಬ್ಬರ್ ಸ್ಟಾಂಪು ಮಾಡುವ ಕಸುಬು. ಊರಿನ ಅಧಿಕಾರವೆಲ್ಲ ನನ್ನ ಮೇಜಿನ ಮೇಲೆ ತಿರುಗುಮುರುಗಾಗಿ ಬಿದ್ದಿರುತ್ತದೆ. ಪ್ರಾಂಶುಪಾಲರು, ವೈದ್ಯರು, ಕಾರ್ಯದರ್ಶಿಗಳು ಎಲ್ಲರೂ ಎಡಬಲ ಬದಲಾಯಿಸಿಕೊಂಡು ರಬ್ಬರಿನೊಳಗೆ ಮಲಗಿರುತ್ತಾರೆ. ಮುದ್ರೆಯೊಂದು ಎಷ್ಟು ಸುಲಭವಾಗಿ ಹುಟ್ಟುತ್ತದೆ ಎಂದು ಬಲ್ಲವನು ಮುದ್ರೆಯನ್ನು ನಂಬುವುದು ಕಷ್ಟ. ಹಾಗಾಗಿ ನಾನು ಯಾರನ್ನೂ ನಂಬುವುದಿಲ್ಲ. ಹಾಲಿನವನು ಹಾಲು ಅಳೆಯುವಾಗ ಅವನ ಹೆಬ್ಬೆರಳನ್ನು ನೋಡುತ್ತೇನೆ. ಗಡಿಯಾರ ಸಮಯ ತೋರಿಸಿದರೆ ಇನ್ನೊಂದು ಗಡಿಯಾರವನ್ನು ಕೇಳುತ್ತೇನೆ. “ನಿಮಗೆ ಎಲ್ಲಾನೂ ಉಲ್ಟಾ ಓದಿ ಓದಿ, ನೇರ ಇರೋದನ್ನ ಕಂಡ್ರೆ ಭಯ” ಎನ್ನುತ್ತಾಳೆ ಹೆಂಡತಿ.

ದೊಡ್ಡಮ್ಮನ ಹಿಂದಿನ ಜೋಡಿ ಶಾಕ್ ಸತ್ತು ಕೆಲಕಾಲವಾಗಿತ್ತು. ರಸ್ತೆಯುಬ್ಬು ದಾಟಿ ಎಷ್ಟೋ ದೂರ ಹೋದ ಮೇಲೂ ಅವಳು ‘ಹೌದು, ಹೌದು, ಹೌದು’ ಎಂದು ತಲೆದೂಗುತ್ತಲೇ ಇರುತ್ತಿದ್ದಳು. ಮರಳು ಹೊರುವಾಗ ಇದು ತೊಂದರೆಯಲ್ಲ. ಆದರೆ ಹೆಂಡತಿ ಈಗ ಹೊರುತ್ತಿದ್ದುದು ಕನ್ನಡಿ. ಹಿಂದಿನ ಬಾಡಿಗೆಯಲ್ಲಿ ಆಳೆತ್ತರದ ಒಂದು ಕನ್ನಡಿ ಒಡೆದಿತ್ತು. ಕನ್ನಡಿ ಕಾರ್ಖಾನೆಯವರು ಇನ್ನೊಂದೇ ಅವಕಾಶ ಕೊಡುತ್ತೇವೆ ಎಂದಿದ್ದರು: ಪಕ್ಕದ ಊರಿನ ಹೊಸ ಬಟ್ಟೆ ಅಂಗಡಿಗೆ ಒಂದು ಲೋಡು ಹೋಗಬೇಕು, ಎಲ್ಲವೂ ಇಡಿಯಾಗಿ ಇಳಿದರೆ ಆ ದಾರಿಯ ಬಾಡಿಗೆಯೆಲ್ಲ ಅವಳಿಗೆ, ಒಂದು ಬಿರುಕು ಬಿಟ್ಟರೂ ಬೇರೆಯವರಿಗೆ. ಆ ಮಾತು ಬಂದಂದಿನಿಂದ ಅವಳು ನನ್ನನ್ನು ಗೇಲಿ ಮಾಡುವುದನ್ನೇ ಬಿಟ್ಟಿದ್ದಳು. ಅದರಿಂದಲೇ ವಿಷಯ ಗಂಭೀರವೆಂದು ನನಗೆ ತಿಳಿದದ್ದು.

ಗ್ಯಾರೇಜು ಅವಳ ಅಣ್ಣನದು, ಅಂದರೆ ನನ್ನ ಭಾವನದು. ಶಾಕ್ ತಾನೇ ತರುತ್ತೇನೆ ಎಂದಿದ್ದರು. ಅಲ್ಲೇ ನನಗೆ ಅನುಮಾನ ಹೊಕ್ಕಿದ್ದು. ಯಾಕೆ ತರಬೇಕು? ಕೇಳದೆಯೇ ಯಾಕೆ ಒಪ್ಪಿಕೊಳ್ಳಬೇಕು? ಬಿಡಿಭಾಗದ ಅಂಗಡಿಯವನಿಗೂ ಅವರಿಗೂ ಒಳಗೊಳಗೇ ಏನಿದೆ? ಹಾಗಾಗಿಯೇ ಆ ಘೋಷಣೆ.

“ಸರಿ, ನೀವೇ ಹೋಗಿ” ಎಂದಳು ಹೆಂಡತಿ. “ಆದ್ರೆ ಅಂಗಡಿಯವರು ಕೊಟ್ಟಿದ್ದನ್ನ ತಗೊಂಡು ನೇರ ಅಣ್ಣನ ಹತ್ರ ಹೋಗಿ. ಮಧ್ಯ ಬುದ್ಧಿ ಉಪಯೋಗಿಸಬೇಡಿ.”

ಅಂಗಡಿ ಉದ್ದಕ್ಕೆ, ಇಕ್ಕಟ್ಟಾಗಿ, ಸುರಂಗದ ಹಾಗಿತ್ತು. ಮೇಲಿನಿಂದ ಶಾಕುಗಳು ಬಾವಲಿಗಳಂತೆ ತೂಗಾಡುತ್ತಿದ್ದವು. ಅಂಗಡಿಯವರು ಕನ್ನಡಕವನ್ನು ಹಣೆಗೇರಿಸಿ ಏನು ಬೇಕೆಂದರು. ನಾನು ಮನೆಯ ಅಭ್ಯಾಸಬಲದಿಂದ, “ನಮ್ಮ ದೊಡ್ಡಮ್ಮನಿಗೆ ಶಾಕ್ ಬೇಕಾಗಿತ್ತು” ಎಂದುಬಿಟ್ಟೆ.

ಅವರು ಕನಿಕರದಿಂದ ನೋಡಿದರು. “ಶಾಕ್ ಕೊಡೋದು ಆಸ್ಪತ್ರೇಲಿ ಸ್ವಾಮಿ. ಇಲ್ಲಿ ಶಾಕ್ ತಡೆಯೋದು ಮಾತ್ರ ಸಿಗುತ್ತೆ.”

ಲಾರಿಯ ವಿವರ ಹೇಳಿದ ಮೇಲೆ ಅವರು ಎರಡು ಬಗೆ ತೋರಿಸಿದರು. ಮೊದಲನೆಯದು ಎಣ್ಣೆಯದು. ಒತ್ತಿದರೆ ಒತ್ತಿದಲ್ಲೇ ಕೂತಿತು, ಎಳೆದರೆ ಎಳೆದಲ್ಲೇ ನಿಂತಿತು. ಇದಕ್ಕೆ ಸ್ವಂತ ಅಭಿಪ್ರಾಯವೇ ಇಲ್ಲವಲ್ಲ, ಇದು ಸತ್ತ ಮಾಲು ಎಂದೆ. ಅದರ ಸ್ವಭಾವವೇ ಹಾಗೆ, ಮರಳು ಜಲ್ಲಿಗೆ ಅದು ಸಾಕು ಎಂದರು. ಎರಡನೆಯದು ಗ್ಯಾಸ್ ತುಂಬಿದ್ದು. ಅದನ್ನು ಕುಗ್ಗಿಸಿ, ಉದ್ದಕ್ಕೆ ಬಿಗಿಯಾದ ಒಂದು ಪಟ್ಟಿ ಹಾಕಿ ಕಟ್ಟಿದ್ದರು. ಗಾಜಿನಂಥ ನಾಜೂಕು ಸರಕಿಗೆ ಇದೇ ಸರಿ, ಇದನ್ನೇ ಒಯ್ಯಿರಿ ಎಂದರು. ಅವರು ‘ಇದನ್ನೇ’ ಎಂದು ಒತ್ತಿ ಹೇಳಿದ್ದನ್ನು ನನ್ನ ಕಿವಿ ಗಮನಿಸಿತು.

ಡಬ್ಬದ ಮೇಲೆ ಫಳಫಳ ಹೊಳೆಯುವ ಸ್ಟಿಕ್ಕರ್ ಇತ್ತು. ಅಸಲಿಯೇ ಎಂದು ಉಗುರಿನಿಂದ ಕೆರೆದು ನೋಡಿದೆ. ಸುಲಿದು ಕೈಗೆ ಬಂತು.

“ಕಿತ್ತೇಬಿಟ್ರಲ್ಲ” ಎಂದರು ಅವರು ನೋವಿನಿಂದ. “ಇನ್ನು ಇದನ್ನ ನೀವಲ್ದೆ ಬೇರೆ ಯಾರೂ ತಗೊಳ್ಳಲ್ಲ.”

ಕೊಳವೆಯಿಂದ ಹೊರಚಾಚಿದ ಸರಳಿನ ಮೇಲೆ ಬೆರಳಾಡಿಸಿದೆ, ಎಣ್ಣೆ ಹತ್ತಿತು. ಸೋರುತ್ತಿದೆ ಎಂದೆ. ತುಕ್ಕು ಹಿಡಿಯದಿರಲೆಂದು ಸವರಿದ್ದು ಎಂದರು. ಅದನ್ನೂ ಮೂಸಿ ನೋಡಿದೆ. ಆಗ ಅವರು ಸ್ಟಿಕ್ಕರನ್ನು ನಂಬುವವರು ದಡ್ಡರು, ಗುರುತು ಬೇರೆ ಇದೆ ಎಂದು ಶಾಕಿನ ತುದಿಯ ಉಕ್ಕಿನ ಬಳೆಯನ್ನು ತೋರಿಸಿದರು. “ಇಲ್ಲಿ ಒಂದು ಕೊಕ್ಕರೆ ಉಬ್ಬಿರುತ್ತೆ, ಕೈಗೆ ತಾಗುತ್ತೆ ನೋಡಿ. ಅಸಲಿ ಆದ್ರೆ ಬಲಕ್ಕೆ ನೋಡ್ತಿರುತ್ತೆ. ನಕಲಿ ಮಾಡೋರು ಅದನ್ನ ಎಡಕ್ಕೆ ತಿರುಗಿಸಿಬಿಟ್ಟಿದಾರೆ.”

ನಾನು ನೋಡಲಿಲ್ಲ. ಗುರುತನ್ನು ತಾನಾಗಿ ಹೇಳಿಕೊಡುವ ಅಂಗಡಿಯವನಿಗಿಂತ ಅಪಾಯಕಾರಿ ಬೇರೆ ಯಾರು? ಸ್ಟಾಂಪು ಮಾಡುವವನ ಮುಂದೆ ಮುದ್ರೆಯ ಮಾತೇ? ನನ್ನ ದೃಷ್ಟಿಯೆಲ್ಲ ಆ ಪಟ್ಟಿಯ ಮೇಲಿತ್ತು. ಯಾಕೆ ಕಟ್ಟಿದ್ದಾರೆ? ಒಳಗೆ ಏನನ್ನು ಅದುಮಿಟ್ಟಿದ್ದಾರೆ? ಬಿಚ್ಚಿ ತೋರಿಸಿ ಎಂದೆ.

“ಪಟ್ಟಿ ಬಿಚ್ಚಬೇಡಿ” ಎಂದರು ಅವರು. ಧ್ವನಿ ಥಟ್ಟನೆ ಬದಲಾಗಿತ್ತು.

ಅದೇ ಕ್ಷಣಕ್ಕೆ ಭಾವನ ಫೋನು ಬಂತು. ಗ್ಯಾಸಿಂದೇ ತನ್ನಿ, ಜೋಡಿಯಾಗಿಯೇ ತನ್ನಿ ಎಂದವರು, ಕೊನೆಗೆ ಸೇರಿಸಿದರು: “ಹಾಂ, ಪಟ್ಟಿ ಬಿಚ್ಚಬೇಡಿ.”

ಊರಿನ ಎರಡು ಮೂಲೆಗಳಲ್ಲಿರುವ ಇಬ್ಬರು, ಒಬ್ಬರಿಗೊಬ್ಬರು ಕಾಣದೆ, ಒಂದೇ ಮಾತನ್ನು ಒಂದಕ್ಷರ ವ್ಯತ್ಯಾಸವಿಲ್ಲದೆ ಹೇಳುತ್ತಾರೆ. ಇದು ಪಿತೂರಿಯಲ್ಲದೆ ಇನ್ನೇನು?

ಜೋಡಿ ಶಾಕನ್ನು ಹೊತ್ತು ಹೊರಟೆ, ಗ್ಯಾರೇಜಿಗಲ್ಲ, ಮನೆಗೆ. ಗ್ಯಾರೇಜಿನೊಳಗೆ ಹೊಸದು ಹೋಗಿ ಹಳೆಯದು ಬಣ್ಣ ಬಳಿದುಕೊಂಡು ಹೊರಗೆ ಬರುವ ಕಥೆ ಕೇಳಿದ್ದೇನೆ. ಹೇಳಿದವನೂ ಇನ್ನೊಂದು ಗ್ಯಾರೇಜಿನವನು, ಹಾಗಾಗಿ ಅವನನ್ನೂ ಪೂರ್ತಿ ನಂಬಿಲ್ಲ.

ಮನೆಯಲ್ಲಿ ಹೆಂಡತಿ ದೊಡ್ಡಮ್ಮನನ್ನು ತೊಳೆದು, ಮೊಣಕೈವರೆಗೆ ಮಸಿ ಮಾಡಿಕೊಂಡು, ಟವೆಲ್ಲು ಹಿಡಿದು ಬಚ್ಚಲಿಗೆ ಹೊರಟಿದ್ದಳು. ಡಬ್ಬಗಳನ್ನು ನೋಡಿ ನಿಂತಳು. ಮನೆಗೆ ಯಾಕೆ ತಂದಿರಿ ಎಂದು ಕೇಳಿದಳು. ಬಿಸಿಲು, ಸ್ವಲ್ಪ ನೀರು ಕುಡಿದು ಹೋಗೋಣವೆಂದು, ಎಂದೆ.

“ಪಟ್ಟಿ ಬಿಚ್ಚಿಲ್ಲ ತಾನೆ?”

ಅವಳೂ! ಕೈಹಿಡಿದವಳೂ! ಅವಳು ಒಳಹೋಗಿ ನೀರು ಬಿಟ್ಟುಕೊಂಡ ಸದ್ದು ಕೇಳಿದ ಕೂಡಲೇ ನಾನು ಅಡುಗೆಮನೆಯಿಂದ ಕತ್ತರಿ ತಂದೆ.

ನಮ್ಮ ಮನೆಯ ನಕ್ಷೆಯನ್ನು ಇಲ್ಲಿ ಹೇಳಬೇಕು. ಬಚ್ಚಲಿನ ಮುಂದೆ ಒಂದು ಓಣಿ, ಒಬ್ಬರು ಹೋಗುವಾಗ ಎದುರು ಬಂದವರು ಗೋಡೆಗೆ ಅಂಟಿಕೊಳ್ಳಬೇಕು. ಬಚ್ಚಲು ಅದಕ್ಕಿಂತ ಚಿಕ್ಕದು, ಆದ್ದರಿಂದ ಅದರ ಬಾಗಿಲು ಹೊರಕ್ಕೆ, ಓಣಿಗೆ ತೆರೆಯುತ್ತದೆ. ಮನೆಯಲ್ಲಿ ಒಳ್ಳೆಯ ಬೆಳಕಿರುವುದು ಆ ಓಣಿಯಲ್ಲಿ ಮಾತ್ರ. ಪರೀಕ್ಷೆಗೆ ಬೆಳಕು ಬೇಕು. ನಾನು ಒಂದು ಶಾಕನ್ನು ನೆಲದ ಮೇಲೆ ಓಣಿಗೆ ಅಡ್ಡಲಾಗಿ ಮಲಗಿಸಿದೆ. ದಪ್ಪ ತುದಿ ಗೋಡೆಗೆ ತಾಗಿತು, ಸಣ್ಣ ತುದಿ ಬಚ್ಚಲ ಬಾಗಿಲ ಕಡೆಗಿತ್ತು. ಇದನ್ನು ನಾನು ಬೇಕೆಂದೇ ಮಾಡಿದೆ ಎಂದು ಭಾವ ಇವತ್ತಿಗೂ ಎಲ್ಲರಿಗೂ ಹೇಳುತ್ತಾರೆ.

ಪಟ್ಟಿ ಕತ್ತರಿಸಿದೆ.

ಮೊದಲು ಏನೂ ಆಗಲಿಲ್ಲ. ನನ್ನ ಅನುಮಾನ ಗೆದ್ದು ನಗುವಷ್ಟರಲ್ಲಿ, ಆಮೆ ತಲೆ ಹೊರಹಾಕುವಂತೆ, ಸರಳು ಮೆಲ್ಲಗೆ ಹೊರಬರತೊಡಗಿತು. ಯಾರೂ ಮುಟ್ಟುತ್ತಿರಲಿಲ್ಲ. ತಾನಾಗಿಯೇ, ಗಾಂಭೀರ್ಯದಿಂದ, ದೊಡ್ಡವರು ಕುರ್ಚಿಯಿಂದ ಏಳುವ ಹಾಗೆ. ನಾನು ಬೆರಗಾಗಿ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದೆ. ಅದು ಬಂದು ಬಚ್ಚಲ ಬಾಗಿಲನ್ನು ತಟ್ಟಿತು. ಟಕ್.

“ಒಳಗಿದ್ದೀನಿ” ಎಂದಳು ಹೆಂಡತಿ. “ತಟ್ಟಬೇಡಿ.”

“ನಾನು ತಟ್ಟಲಿಲ್ಲ” ಎಂದೆ. ಇದು ನಿಜ.

“ಮತ್ತೆ ಯಾರು ತಟ್ಟಿದ್ದು?”

ಅಷ್ಟರಲ್ಲಿ ಶಾಕು ತಟ್ಟುವುದನ್ನು ಬಿಟ್ಟು ಒತ್ತಲು ಶುರುಮಾಡಿತ್ತು. ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಕಾಲು ಕೊಟ್ಟು, ಮಲಗಿದಲ್ಲೇ ಮೈಮುರಿಯಿತು. ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಕಿರ್ರೆಂದಿತು. ಒಳಗೆ ನೀರಿನ ಸದ್ದು ನಿಂತಿತು. ಚಿಲಕ ಸರಿಯಿತು. ಬಾಗಿಲು ಅಲುಗಲಿಲ್ಲ.

“ರೀ, ಬಾಗಿಲು ಯಾಕೆ ಹಿಡ್ಕೊಂಡಿದೀರಿ?”

“ನಾನು ಹಿಡ್ಕೊಂಡಿಲ್ಲ.”

ಬಾಗಿಲನ್ನು ಒಳಗಿನಿಂದ ಇನ್ನೊಮ್ಮೆ ನೂಕಿ ನೋಡಿದಳು. ಆಮೇಲೆ, ತುಂಬಾ ಮೆತ್ತಗೆ: “ಪಟ್ಟಿ ಬಿಚ್ಚಿದ್ರಾ?”

“ಯಾವ ಪಟ್ಟಿ?” ಎಂದೆ.

ಸರಳನ್ನು ಹಿಂದಕ್ಕೆ ತಳ್ಳಲು ನೋಡಿದೆ. ಕೈಯಿಂದ ಆಗಲಿಲ್ಲ. ಓಣಿಯಲ್ಲಿ ಅಡ್ಡ ಬಿದ್ದು ಎದೆ ಕೊಟ್ಟು ನೂಕಿದೆ. ಒಂದು ಬೆರಳಿನಷ್ಟು ಒಳಹೋಗಿ, ನಾನು ಉಸಿರು ತೆಗೆದುಕೊಂಡ ಕೂಡಲೇ ತಾನೂ ಹೊರಬಂದು ನನ್ನನ್ನೂ ಹಿಂದಕ್ಕೆ ಕಳಿಸಿತು. ಆ ಬಿಕ್ಕಟ್ಟಿನಲ್ಲೂ ನನಗೆ ಒಂದು ಸಂತೋಷವಾಯಿತು. ಅದನ್ನು ಬಾಗಿಲಿಗೆ ಬಾಯಿಟ್ಟು ಹಂಚಿಕೊಂಡೆ. “ಮಾಲು ಪರವಾಗಿಲ್ಲ ಕಣೇ. ಗಟ್ಟಿ ಇದೆ.”

ಒಳಗಿನಿಂದ ಬಂದ ಮೌನವನ್ನು ವರ್ಣಿಸಲು ನನ್ನ ಬಳಿ ಅಕ್ಷರಗಳಿಲ್ಲ, ನೇರದ್ದೂ ಇಲ್ಲ, ತಿರುಗಿಸಿದ್ದೂ ಇಲ್ಲ.

ಸಂಜೆಯೊಳಗೆ ಶಾಕ್ ಕೂರಿಸಿ, ಕಾರ್ಖಾನೆಗೆ ಹೋಗಿ ಲೋಡು ಮಾಡಿಸಿಕೊಳ್ಳಬೇಕಿತ್ತು. ಲಾರಿಯ ಕೀಲಿ ಅವಳ ಜೊತೆ ಬಚ್ಚಲೊಳಗಿತ್ತು. ಭಾವನಿಗೆ ಫೋನು ಮಾಡೋಣವೆಂದರೆ ಏನೆಂದು ಹೇಳುವುದು? ‘ನಿಮ್ಮ ತಂಗಿಯನ್ನು ನಿಮ್ಮದೇ ಶಾಕು ಬಚ್ಚಲಲ್ಲಿ ಕೂಡಿಹಾಕಿದೆ’ ಎಂದೇ?

ಒಳಗೆ ಬಕೆಟ್ಟು ಬೋರಲಾದ ಸದ್ದಾಯಿತು. ಅವಳು ಅದರ ಮೇಲೆ ಕೂತಳೆಂದು ಕಾಣುತ್ತದೆ. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

“ಹೋದ ಸಲ ಕನ್ನಡಿ ಒಡೆದಾಗ ನನಗೆ ಕೇಳಿಸ್ತು” ಎಂದಳು. “ಅಷ್ಟು ದೊಡ್ಡ ಎಂಜಿನ್ ಸದ್ದಲ್ಲೂ ಕೇಳಿಸ್ತು. ನಿಲ್ಲಿಸಿ ಹಿಂದೆ ಹೋಗಿ ನೋಡೋಕೆ ಧೈರ್ಯ ಆಗಲಿಲ್ಲ. ಇಳಿಸೋವರೆಗೂ ಅದು ಬೇರೇನೋ ಸದ್ದು ಅಂದ್ಕೊಂಡೇ ಓಡಿಸ್ದೆ.”

ನಾನು ಬಾಗಿಲಿಗೆ ಬೆನ್ನು ಒರಗಿಸಿ ಕೂತೆ. ಆ ಕಡೆಯಿಂದ ಅವಳ ಒದ್ದೆ ಕೂದಲಿನ ಹನಿ ಬಕೆಟ್ಟಿನ ತಳದ ಮೇಲೆ ಬೀಳುವುದು ಕೇಳುತ್ತಿತ್ತು. ನನ್ನ ಮಡಿಲಲ್ಲಿ ಕತ್ತರಿಯಿತ್ತು. ಅದರ ಬಾಯಲ್ಲಿ ಇನ್ನೂ ಪಟ್ಟಿಯ ತುಂಡಿತ್ತು. ಲೋಕವೆಲ್ಲ ನನಗೆ ಮೋಸ ಮಾಡಲು ಹೊಂಚುಹಾಕಿದೆ ಎಂದು ಕಾಯುತ್ತ ಕೂತವನು, ಇವಳು ಯಾವ ಭಯವನ್ನು ಹೊತ್ತು ಊರೂರು ತಿರುಗುತ್ತಿದ್ದಾಳೆ ಎಂದು ಕೇಳಿರಲಿಲ್ಲ.

“ಈಗ ಹೇಳಿ” ಎಂದಳು, ಧ್ವನಿ ಬದಲಿಸಿ. “ಯಾವ ತುದಿ ಬಾಗಿಲಿಗೆ ಒತ್ತಿರೋದು?”

ಹೇಳಿದೆ. ಅವಳು ಒಳಗಿನಿಂದಲೇ ಅಪ್ಪಣೆ ಕೊಡತೊಡಗಿದಳು: ಹಿಂದಕ್ಕೆ ನೂಕಿದರೆ ಆಗುವುದಿಲ್ಲ, ಬಾಗಿಲ ಕಡೆಯ ತುದಿಗೆ ಹಗ್ಗ ಕಟ್ಟಬೇಕು, ಪಕ್ಕಕ್ಕಲ್ಲ, ನೇರ ಮೇಲಕ್ಕೆ ಜಗ್ಗಬೇಕು, ತಾನು ಒಳಗಿನಿಂದ ಬಾಗಿಲು ನೂಕುವುದಿಲ್ಲ.

“ಎಳೆಯೋವಾಗ ಕಾಲು ದೂರ ಇಡಿ.”

“ಯಾಕೆ?” ಎಂದೆ.

ಓದುಗರೇ, ಇದು ನನ್ನ ಸ್ವಭಾವ. ಇದನ್ನು ನನ್ನೊಡನೆಯೇ ಹೂಳಬೇಕು. ಕಾಲು ದೂರವಿಟ್ಟರೆ ಬಲ ಬರುವುದಿಲ್ಲವಲ್ಲ, ಇದರಲ್ಲೇನೋ ಇದೆ ಎಂದುಕೊಂಡು ಹತ್ತಿರವೇ ಊರಿ ನಿಂತು ಜಗ್ಗಿದೆ. ಶಾಕು ಬಾಗಿಲಿನಿಂದ ಜಾರಿ, ಹಗ್ಗದೊಡನೆ ಮೇಲಕ್ಕೆ ಚಿಮ್ಮಿ, ಗಾಳಿಯಲ್ಲಿ ಒಂದು ಕ್ಷಣ ಯೋಚಿಸಿ, ತುದಿಯ ಉಕ್ಕಿನ ಬಳೆಯನ್ನು ನನ್ನ ಬಲಗಾಲಿನ ಹೆಬ್ಬೆರಳಿನ ಮೇಲೆ ಇಳಿಸಿತು.

ಬಾಗಿಲು ತೆರೆಯಿತು. ತಲೆಗೆ ಟವೆಲ್ಲು ಸುತ್ತಿಕೊಂಡು ಹೊರಬಂದ ಹೆಂಡತಿ ಬಗ್ಗಿ ಕೇಳಿದಳು: “ಪೆಟ್ಟಾಯ್ತಾ?”

“ಹೂಂ. ಹೆಬ್ಬೆರಳಿಗೆ.”

“ನಿಮಗಲ್ಲ. ಶಾಕಿಗೆ.”

ಅದನ್ನು ಎತ್ತಿ, ಹೊರಳಿಸಿ, ಸರಳಿಗೆ ಗೀರು ಬಿದ್ದಿಲ್ಲವೆಂದು ನೋಡಿ ಪಕ್ಕಕ್ಕಿಟ್ಟ ಮೇಲೆ ನನ್ನ ಕಾಲನ್ನು ಮಡಿಲಿಗೆ ತೆಗೆದುಕೊಂಡಳು. ಹಳೆಯ ಹತ್ತಿ ಬಟ್ಟೆ ಹರಿದು ತಂದಳು. ಆಗ ನಾನು ಬೆರಳನ್ನು ನೋಡಿಕೊಂಡೆ, ನೋವೇ ಮರೆತುಹೋಯಿತು. ಊದಿದ ಚರ್ಮದ ಮೇಲೆ ಬಳೆಯ ಉಬ್ಬುಗುರುತು ಸ್ಪಷ್ಟವಾಗಿ ಮೂಡಿತ್ತು. ಕೊಕ್ಕರೆ. ಕಾಲು, ಕೊಕ್ಕು, ಬಾಲ ಎಲ್ಲ ಇತ್ತು.

ಅದು ಎಡಕ್ಕೆ ನೋಡುತ್ತಿತ್ತು.

ನಕಲಿ! ಗಂಟಲವರೆಗೆ ಬಂದ ಮಾತನ್ನು ಹೊರಹಾಕುವಷ್ಟರಲ್ಲಿ ಅವಳು ಬಟ್ಟೆ ಸುತ್ತಿ ಗಂಟು ಬಿಗಿದಿದ್ದಳು. “ಪಟ್ಟಿ ಬಿಚ್ಚಬೇಡಿ” ಎಂದಳು. ಆ ಮಾತನ್ನು ಆ ದಿನ ಇನ್ನೊಮ್ಮೆ ಮೀರುವ ಧೈರ್ಯ ನನಗಿರಲಿಲ್ಲ.

ಗ್ಯಾರೇಜಿನಲ್ಲಿ ಭಾವ ಪಟ್ಟಿಯಿಲ್ಲದ ಶಾಕನ್ನೂ ಕುಂಟುವ ನನ್ನನ್ನೂ ನೋಡಿದರು, ತಂಗಿಯ ಮುಖ ನೋಡಿದರು, ಏನೂ ಕೇಳದೆ ಲಾರಿಯ ಕೆಳಗೆ ತೂರಿ ಬಹಳ ಹೊತ್ತು ನಕ್ಕರು. ಪಟ್ಟಿ ಬಿಚ್ಚಿದರೆ ಮಾಲು ಕೆಡುವುದಿಲ್ಲವಂತೆ. ಕೂರಿಸುವಾಗ ಯಾರಾದರೂ ಅದನ್ನು ಮೈಭಾರ ಹಾಕಿ ಒತ್ತಿ ಹಿಡಿದಿರಬೇಕು ಅಷ್ಟೇ. ಆ ಯಾರಾದರೂ ನಾನೇ ಆದೆ. ಒತ್ತುತ್ತಲೇ, “ಭಾವ, ಆ ಕೊಕ್ಕರೆ...” ಎಂದು ಶುರುಮಾಡಿದೆ.

“ಹಕ್ಕಿ ಆಮೇಲೆ ನೋಡೋಣ, ಬಾಯಿ ಮುಚ್ಚಿ ಒತ್ತಿ” ಎಂದಳು ಹೆಂಡತಿ. ಬೋಲ್ಟು ಬಿಗಿಯಿತು. ಬಳೆ ಲಾರಿಯ ಕಬ್ಬಿಣದೊಳಗೆ ಮರೆಯಾಯಿತು.

ಮರುದಿನ ಬೆಳಿಗ್ಗೆ ಅವಳು ನನ್ನನ್ನೂ ಲಾರಿಗೆ ಹತ್ತಿಸಿಕೊಂಡಳು. ಮನೆಯಲ್ಲಿ ಬಿಟ್ಟರೆ ಉಳಿದ ಬಾಗಿಲುಗಳ ಗತಿ ಏನು ಎಂಬುದು ಅವಳ ಲೆಕ್ಕ. ನಾನೂ ಮರುಮಾತಾಡದೆ ಹತ್ತಿದೆ. ಹಿಂದೆ ಆಳೆತ್ತರದ ಕನ್ನಡಿಗಳು ಹೊದಿಕೆಯೊಳಗೆ ಒಂದಕ್ಕೊಂದು ಆತುಕೊಂಡು ನಿಂತಿದ್ದವು. ಅವುಗಳ ಕೆಳಗೆ ಎಡಕ್ಕೆ ನೋಡುವ ಕೊಕ್ಕರೆ. ಇದು ನನಗೊಬ್ಬನಿಗೇ ಗೊತ್ತು. ಅವಳಿಗೆ ಹೇಳಲೇ? ಸ್ಟೇರಿಂಗ್ ಹಿಡಿದ ಅವಳ ಬೆರಳುಗಳು ಬಿಳಿಚಿಕೊಂಡಿದ್ದವು. ಹೇಳಲಿಲ್ಲ. ದಾರಿಯುದ್ದಕ್ಕೂ ಕಿವಿಯನ್ನು ಹಿಂದಕ್ಕೆ ಬಿಟ್ಟು ಕೂತೆ. ರಸ್ತೆಯುಬ್ಬು ಬಂತು. ದೊಡ್ಡಮ್ಮ ಒಮ್ಮೆ ಬಗ್ಗಿದಳು, ಎದ್ದಳು, ಸುಮ್ಮನಾದಳು. ಒಂದೇ ಒಂದು ‘ಹೌದು’. ಹೆಂಡತಿ ನನ್ನ ಕಡೆ ತಿರುಗಿ ಎಷ್ಟೋ ದಿನಗಳ ಮೇಲೆ ನಕ್ಕಳು. ನಕಲಿ ಮಾಲು ಮೊದಮೊದಲು ಹೀಗೇ ನಂಬಿಸುತ್ತದೆ ಎಂದುಕೊಂಡು ನಾನೂ ನಕ್ಕೆ.

ಬಟ್ಟೆ ಅಂಗಡಿಯ ಉಸ್ತುವಾರಿಯವರು ಬಾಗಿಲಲ್ಲೇ ಕಾಯುತ್ತಿದ್ದರು. ಅಂಥ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ, ಕಂಡಿದ್ದರೆ ನನ್ನ ಮನೆಯ ಕನ್ನಡಿಯಲ್ಲಿ ಮಾತ್ರ. ಪ್ರತಿ ಕನ್ನಡಿಯನ್ನೂ ಬೆಳಕಿಗೆ ತಿರುಗಿಸಿದರು, ಬೆರಳಿನಿಂದ ತಟ್ಟಿದರು, ಅಂಚನ್ನು ಸವರಿದರು, ಹಿಂದಿನ ಸ್ಟಿಕ್ಕರನ್ನು ಉಗುರಿನಿಂದ ಕೆರೆದರು. ಮನುಷ್ಯನಿಗೆ ಇಷ್ಟೊಂದು ಅನುಮಾನ ಒಳ್ಳೆಯದಲ್ಲ ಎಂದು ನಾನು ಹೆಂಡತಿಯ ಕಿವಿಯಲ್ಲಿ ಹೇಳಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿದಳು.

ಒಂದೂ ಒಡೆದಿರಲಿಲ್ಲ. ಒಂದಕ್ಕೂ ಬಿರುಕಿಲ್ಲ. ಅವರು ರಸೀದಿಗೆ ಸಹಿ ಹಾಕಲು ಪೆನ್ನು ತೆಗೆದವರು, ನನ್ನ ಕಾಲು ನೋಡಿ ನಿಂತರು.

“ಇದೇನು?”

ಏನಿಲ್ಲ, ಸಣ್ಣ ಪೆಟ್ಟು ಎಂದೆ.

“ಸರಕೇನೋ ಸರಿ ಇದೆ. ಜೊತೇಲಿ ಬಂದವರೇ ಒಡೆದುಹೋಗಿದ್ದಾರಲ್ಲ!” ಪೆನ್ನು ಜೇಬಿಗೆ ವಾಪಸ್ಸಾಯಿತು. “ಮನುಷ್ಯರ ಕಾಲು ಮುರಿಯೋ ಹಾಗೆ ಕುಲುಕೋ ಲಾರೀಲಿ ನಾಳೆ ನನ್ನ ಗಾಜು ಹೇಗಮ್ಮ ಬರುತ್ತೆ?”

ಹೆಂಡತಿಯ ಮುಖ ಬಿಳಿಚಿತು. ಬೇರೆ ದಾರಿಯಿರಲಿಲ್ಲ. ಆಳುಗಳು, ಗುಮಾಸ್ತರು, ಬಟ್ಟೆ ಮಡಿಸುವ ಹುಡುಗಿಯರು ಎಲ್ಲರ ಮುಂದೆ ನಾನು ಬಾಯಿಬಿಟ್ಟೆ: ಇದು ಲಾರಿಯಲ್ಲಿ ಆದದ್ದಲ್ಲ, ಮನೆಯಲ್ಲಿ, ಬಿಚ್ಚಬೇಡಿ ಎಂದ ಪಟ್ಟಿಯನ್ನು ಕತ್ತರಿಸಿದೆ, ಹೆಂಡತಿಯನ್ನು ಬಚ್ಚಲಲ್ಲಿ ಕೂಡಿಹಾಕಿದೆ, ದೂರವಿಡಿ ಎಂದ ಕಾಲನ್ನು ಹತ್ತಿರವಿಟ್ಟೆ. ಬಟ್ಟೆ ಮಡಿಸುವ ಹುಡುಗಿಯರು ಸೀರೆಗಳಲ್ಲಿ ಮುಖ ಮುಚ್ಚಿಕೊಂಡರು. ಉಸ್ತುವಾರಿಯವರು ಮಾತ್ರ ನಗಲಿಲ್ಲ. ಅಳೆಯುವಂತೆ ನೋಡಿದರು.

“ನಂಬೋ ಹಾಗಿಲ್ಲ. ಪಟ್ಟಿ ಬಿಚ್ಚಿ, ನೋಡೋಣ.”

ನಾನು ಹೆಂಡತಿಯನ್ನು ನೋಡಿದೆ.

“ಬಿಚ್ಚಿ” ಎಂದಳು.

ಈಗ ತಾನೇ ಇಳಿಸಿದ ಕನ್ನಡಿಯ ಮುಂದೆ ಸ್ಟೂಲಿನ ಮೇಲೆ ಕಾಲಿಟ್ಟು ಪಟ್ಟಿ ಬಿಚ್ಚಿದೆ. ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅದರ ನಡುವೆ ಕೊಕ್ಕರೆ, ಎಡಕ್ಕೇ ನೋಡುತ್ತ. ನಕಲಿ ಎಂಬುದೂ ಹೊರಬೀಳುವ ಹೊತ್ತು ಬಂತೆಂದು ಕಣ್ಣು ತಪ್ಪಿಸಿ ಎದುರಿನ ಕನ್ನಡಿಯನ್ನು ನೋಡಿದೆ.

ಕನ್ನಡಿಯೊಳಗೆ ಕೊಕ್ಕರೆ ಬಲಕ್ಕೆ ನೋಡುತ್ತಿತ್ತು.

ರಬ್ಬರ್ ಸ್ಟಾಂಪು ಕೆತ್ತುತ್ತ ಕೂದಲು ನರೆಸಿಕೊಂಡವನು ನಾನು! ಒತ್ತಿದ ಮುದ್ರೆ ಎಡಬಲ ಬದಲಾಯಿಸಿಕೊಂಡು ಬೀಳುತ್ತದೆ ಎಂಬ ಒಂದೇ ಒಂದು ಸತ್ಯದ ಮೇಲೆ ಅನ್ನ ತಿನ್ನುವವನು! ನನ್ನದೇ ಬೆರಳಿನ ಮೇಲೆ ಬಿದ್ದ ಮುದ್ರೆಯನ್ನು ಓದಲು ನನಗೆ ಒಂದು ಲೋಡು ಕನ್ನಡಿ ಬೇಕಾಯಿತು.

“ಬಲಕ್ಕೆ ನೋಡ್ತಿದೆ, ಅಸಲಿ ಕಣೇ!” ಎಂದು ಒಂಟಿಕಾಲಲ್ಲಿ ಕುಣಿದುಬಿಟ್ಟೆ. ಏನದು ಎಂದು ಉಸ್ತುವಾರಿಯವರು ಕೇಳಿದರು. ಕೊಕ್ಕರೆಯ ಗುಟ್ಟನ್ನು ವಿವರಿಸಿದೆ. ಅವರು ಬಗ್ಗಿ ಬೆರಳನ್ನೂ ಕನ್ನಡಿಯನ್ನೂ ಬದಲಿಸಿ ಬದಲಿಸಿ ನೋಡಿದರು, ಉಗುರಿನಿಂದ ಕೆರೆಯಲು ಬಂದರು, ನಾನು ಕಿರುಚಿದ್ದರಿಂದ ಬಿಟ್ಟರು. ಕೊನೆಗೆ ಪೆನ್ನು ತೆಗೆದು ಸಹಿ ಹಾಕಿದರು. ಹೆಂಡತಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು, ಹೊಸ ಶಾಕಿನ ಮೇಲೆ ದೊಡ್ಡಮ್ಮ ಕೂತ ಹಾಗೆ.

ಕಾಗದವನ್ನು ಅವಳ ಕೈಗೆ ಕೊಡುತ್ತ ಅವರು ಥಟ್ಟನೆ ತಡೆದರು. “ಅಲ್ಲಮ್ಮ, ಶಾಕ್ ಹಾಕೋದು ಜೋಡಿ ಅಲ್ವಾ?”

“ಹೌದು” ಎಂದಳು ಹೆಂಡತಿ.

“ಇದು ಒಂದಾಯ್ತು, ಅಸಲಿ. ಇನ್ನೊಂದು?”

ಹೆಂಡತಿ ನಿಧಾನವಾಗಿ ನನ್ನ ಎಡಗಾಲನ್ನು ನೋಡಿದಳು.